ಮಣಿಕಟ್ಟು ತಿರುಗದವರಿಗೆ ಹಳೆಯ ಮೀಡಿಯಂ ಫಾರ್ಮ್ಯಾಟ್ ಕ್ಯಾಮೆರಾ ಯಾವುದು?

ಪ್ರಶ್ನೆ: ನಾನು ಮುಳಬಾಗಿಲು ತಾಲೂಕಿನ ಪ್ರೌಢಶಾಲೆಯೊಂದರಲ್ಲಿ ಚಿತ್ರಕಲಾ ಶಿಕ್ಷಕಿ. ವಯಸ್ಸು 47. ಆರು ವರ್ಷದಿಂದ ರುಮಟಾಯ್ಡ್ ಸಂಧಿವಾತವಿದೆ. ಬಲಗೈ ಮಣಿಕಟ್ಟು ಹೆಚ್ಚು ತಿರುಗುವುದಿಲ್ಲ. ಬಲಗೈಯ ಹೆಬ್ಬೆರಳು, ತೋರುಬೆರಳು ಸೇರಿಸಿ ಏನನ್ನಾದರೂ ಚಿವುಟಿ ಹಿಡಿಯುವುದು ಕಷ್ಟ. ಎಡಗೈ ಪರವಾಗಿಲ್ಲ, ಆದರೆ ಒಂದು ಕೆ.ಜಿ. ಭಾರವನ್ನು ಹತ್ತು ನಿಮಿಷ ಹಿಡಿದರೆ ಸಂಜೆಗೆ ಊದಿಕೊಳ್ಳುತ್ತದೆ. ಆವನಿ, ಕುರುಡುಮಲೆ, ಕೋಲಾರಮ್ಮನ ಗುಡಿ, ಸುತ್ತಲಿನ ಬಂಡೆಬೆಟ್ಟಗಳನ್ನು 120 ಫಿಲ್ಮಿನಲ್ಲಿ (ಮೀಡಿಯಂ ಫಾರ್ಮ್ಯಾಟ್ ಕ್ಯಾಮೆರಾಗಳ ಅಗಲವಾದ ರೋಲ್ ಫಿಲ್ಮ್) ಕಪ್ಪು-ಬಿಳುಪಾಗಿ ತೆಗೆಯಬೇಕೆಂಬ ಆಸೆ. ಬೆಂಗಳೂರಿನ ಒಬ್ಬರು ಮಾಮಿಯಾ ಆರ್‌ಬಿ67 ಅನ್ನು ಕೈಗೆಟುಕುವ ಬೆಲೆಗೆ ಕೊಡುತ್ತೇನೆ ಅನ್ನುತ್ತಿದ್ದಾರೆ. ಸಹೋದ್ಯೋಗಿ ‘ಕೊಂಡರೆ ಹ್ಯಾಸಲ್‌ಬ್ಲಾಡ್ ಕೊಳ್ಳಿ, ಹಗುರ’ ಅನ್ನುತ್ತಾರೆ. ಮನೆಯಲ್ಲಿ ‘ಈ ಕೈಲಿ ಅದೆಲ್ಲ ಯಾಕೆ, ಫೋನ್ ಸಾಕು’ ಅನ್ನುತ್ತಾರೆ. ಒಂದೇ ಸಲ ಖರ್ಚು ಮಾಡಬಲ್ಲೆ. ಯಾವುದನ್ನು ಕೊಳ್ಳಲಿ?

ಉತ್ತರ: ಮನೆಯವರ ಮಾತಿಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ನೀವು ಹೇಳಿದ ಕೈಯಲ್ಲಿ ಮೀಡಿಯಂ ಫಾರ್ಮ್ಯಾಟ್ ಫಿಲ್ಮ್ ತೆಗೆಯಬಹುದು. ಆದರೆ ನಿಮ್ಮ ಸಹೋದ್ಯೋಗಿ ನೋಡುತ್ತಿರುವ ಲೆಕ್ಕ, ಅಂದರೆ ಯಾವುದು ಹಗುರ ಅನ್ನುವುದು, ನಿಮಗೆ ಸರಿಯಾದ ಲೆಕ್ಕವಲ್ಲ. ನಿಮ್ಮ ಪತ್ರದಲ್ಲಿ ಮೂರು ಬೇರೆಬೇರೆ ತೊಂದರೆಗಳಿವೆ: ಭಾರ ಹೊರುವುದು, ಮಣಿಕಟ್ಟು ತಿರುಗಿಸುವುದು, ಚಿವುಟಿ ಹಿಡಿಯುವುದು. ಭಾರವನ್ನು ಟ್ರೈಪಾಡಿಗೋ ಕುತ್ತಿಗೆಯ ಪಟ್ಟಿಗೋ ವಹಿಸಬಹುದು. ತಿರುಗಿಸುವುದನ್ನೂ ಚಿವುಟುವುದನ್ನೂ ಬೇರೆಯವರಿಗೆ ವಹಿಸಲಾಗದು, ಅವು ಒಂದು ರೋಲಿಗೆ ಹತ್ತಾರು ಸಲ ನಿಮ್ಮ ಬೆರಳಿಗೇ ಬರುತ್ತವೆ. ಹಾಗಾಗಿ ತೂಕದ ಯಂತ್ರ ಬದಿಗಿಡಿ. ರೋಲ್ ಹಾಕುವುದರಿಂದ ಹಿಡಿದು ತೆಗೆಯುವ ತನಕ ಕ್ಯಾಮೆರಾ ನಿಮ್ಮ ಕೈಯಿಂದ ಯಾವ ಯಾವ ಚಲನೆ ಕೇಳುತ್ತದೆ, ಎಷ್ಟು ಸಲ ಕೇಳುತ್ತದೆ ಎಂದು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಕ್ಯಾಮೆರಾ ಆಯ್ಕೆ ಆ ಹಾಳೆಯಲ್ಲೇ ಆಗುತ್ತದೆ.

ನಿಮಗೆ ಸಿಗುತ್ತಿರುವ ಆರ್‌ಬಿ67 ಅನ್ನೇ ಹೀಗೆ ನೋಡೋಣ. 1970ರಲ್ಲಿ ಬಂದ, ಸ್ಟುಡಿಯೋಗೆಂದು ಮಾಡಿದ ಗಟ್ಟಿ ಕ್ಯಾಮೆರಾ. ಲೆನ್ಸ್, ಹಿಂಬದಿಯ ಫಿಲ್ಮ್ ಬ್ಯಾಕ್ ಎಲ್ಲ ಸೇರಿ ಎರಡೂವರೆ ಕೆ.ಜಿ. ಮೀರುತ್ತದೆ. ಬ್ಯಾಟರಿ ಬೇಡ. 120 ರೋಲಿನಲ್ಲಿ 10 ಚಿತ್ರ. ಪ್ರತಿ ಚಿತ್ರಕ್ಕೂ ಎರಡು ಲಿವರ್ ಎಳೆಯಬೇಕು: ಬಾಡಿಯ ಬಲಬದಿಯ ದೊಡ್ಡ ಲಿವರ್ ಕನ್ನಡಿ-ಶಟರ್‌ಗೆ, ಬ್ಯಾಕಿನ ಲಿವರ್ ಫಿಲ್ಮ್ ಮುಂದೆ ಹೋಗಲು. ಅಂದರೆ ಒಂದು ರೋಲಿಗೆ 20 ಎಳೆತ. ದೊಡ್ಡ ಲಿವರನ್ನು ಅಂಗೈಯ ಬುಡದಿಂದ ತಳ್ಳಬಹುದು, ಬೆರಳು ಬೇಕಿಲ್ಲ. ಆದರೆ ಬ್ಯಾಕಿನ ಲಿವರಿಗೆ ಹೆಬ್ಬೆರಳೇ ಬೇಕು. ಜೊತೆಗೆ ಫಿಲ್ಮಿಗೆ ಬೆಳಕು ಬೀಳದಂತೆ ತಡೆಯುವ ಡಾರ್ಕ್ ಸ್ಲೈಡ್ ಎಂಬ ತೆಳು ತಗಡನ್ನು ಎರಡು ಬೆರಳಲ್ಲಿ ಚಿವುಟಿ ಎಳೆಯಬೇಕು. ನಿಮಗೆ ಆಗದ್ದು ಇದೇ.

ಇದೇ ಕ್ಯಾಮೆರಾದಲ್ಲಿ ನಿಮಗೆ ಅನುಕೂಲವಾದ ಎರಡು ಸಂಗತಿಗಳೂ ಇವೆ. ಫೋಕಸ್ ಗುಬುಟು (ತಿರುಗಿಸುವ ಗುಂಡಿ) ದೊಡ್ಡದು, ಎರಡೂ ಬದಿಗೆ ಇದೆ, ಎಡಗೈಯಲ್ಲೇ ಸಾಗುತ್ತದೆ. ಉದ್ದುದ್ದ ಚಿತ್ರ ಬೇಕಾದರೆ ಕ್ಯಾಮೆರಾ ಓರೆ ಮಾಡದೆ ಬ್ಯಾಕನ್ನಷ್ಟೇ ತಿರುಗಿಸಿದರಾಯಿತು. ಮನೆಯಲ್ಲಿ ಟ್ರೈಪಾಡ್ ಮೇಲಿಟ್ಟು ವಸ್ತುಗಳ ಚಿತ್ರ ತೆಗೆಯುವವರಾಗಿದ್ದರೆ ಬೇಡ ಅನ್ನುತ್ತಿರಲಿಲ್ಲ. ಆವನಿ ಬೆಟ್ಟ ಹತ್ತುವವರಿಗೆ ಬೇಡ.

ಹ್ಯಾಸಲ್‌ಬ್ಲಾಡ್ 500ಸಿ/ಎಂ, 80 ಎಂ.ಎಂ. ಲೆನ್ಸ್ ಮತ್ತು ಬ್ಯಾಕ್ ಸೇರಿ ಸುಮಾರು ಒಂದೂವರೆ ಕೆ.ಜಿ. ಕೈಯಲ್ಲಿ ಹಿಡಿದಾಗ ಅಚ್ಚುಕಟ್ಟು ನಿಜ. ಆದರೆ ಅದು ಕೇಳುವ ಚಲನೆಗಳೆಲ್ಲ ತಿರುಗಿಸುವ ಚಲನೆಗಳೇ. ಪ್ರತಿ ಚಿತ್ರಕ್ಕೂ ಬಲಬದಿಯ ಕ್ರ್ಯಾಂಕ್ (ಸುತ್ತುವ ಹಿಡಿ) ಪೂರ್ತಿ ಒಂದು ಸುತ್ತು. ಫೋಕಸ್ ಉಂಗುರ ಬಹುತೇಕ ಹಳೆಯ ಲೆನ್ಸ್‌ಗಳಲ್ಲಿ ಬಿಗಿ. ಹಳೆಯ ಸಿ ಲೆನ್ಸ್‌ಗಳಲ್ಲಿ ಶಟರ್ ವೇಗದ ಉಂಗುರವೂ ಅಪರ್ಚರ್ (ಬೆಳಕಿನ ರಂಧ್ರದ ಅಳತೆ) ಉಂಗುರವೂ ಒಂದಕ್ಕೊಂದು ಕಚ್ಚಿಕೊಂಡಿರುತ್ತವೆ. ಬೇರೆ ಮಾಡಲು ಚಿಕ್ಕ ನಾಲಿಗೆಯೊಂದನ್ನು ಒತ್ತಿ ಹಿಡಿದೇ ತಿರುಗಿಸಬೇಕು. ಲೆನ್ಸ್ ಬದಲಿಸುವಾಗ ಬಾಡಿ, ಲೆನ್ಸ್ ಎರಡೂ ಕಾಕ್ ಆಗಿರಬೇಕು, ಅಂದರೆ ಸ್ಪ್ರಿಂಗ್ ಬಿಗಿಯಾಗಿರಬೇಕು. ಇಲ್ಲದಿದ್ದರೆ ಕಚ್ಚಿ ನಿಂತುಬಿಡುತ್ತದೆ, ಬಿಡಿಸಲು ಸ್ಕ್ರೂಡ್ರೈವರ್ ಹಾಕಬೇಕಾಗುತ್ತದೆ. 1996ರ 503ಸಿಡಬ್ಲ್ಯೂಗೆ ಮೋಟಾರ್ ವೈಂಡರ್ ಇದೆ, ಅದು ಸುತ್ತುವ ಕೆಲಸ ತಪ್ಪಿಸುತ್ತದೆ. ಬೆಲೆ ಮಾತ್ರ ನಿಮ್ಮ ‘ಒಂದೇ ಸಲದ ಖರ್ಚಿ’ಗೆ ನಿಲುಕದು.

ಇಲ್ಲಿ ಒಂದು ಸೂಕ್ಷ್ಮ ಹೇಳಬೇಕು. ಕ್ರ್ಯಾಂಕ್ ಬೇರೆ, ಗುಬುಟು ಬೇರೆ. ಗುಂಡನೆಯ ಗುಬುಟನ್ನು ಮಣಿಕಟ್ಟಿನಿಂದಲೇ ತಿರುಗಿಸಬೇಕು. ಕ್ರ್ಯಾಂಕ್ ಹಾಗಲ್ಲ. ಕ್ಯಾಮೆರಾ ಟ್ರೈಪಾಡ್ ಮೇಲೋ ಹೊಟ್ಟೆಗೊತ್ತಿಯೋ ಭದ್ರವಾಗಿದ್ದರೆ, ಮುಷ್ಟಿಯ ಬದಿಯನ್ನು ಅದರ ಹಿಡಿಗೆ ತಾಗಿಸಿ, ಮಣಿಕಟ್ಟು ನೆಟ್ಟಗಿಟ್ಟು, ಭುಜದಿಂದ ಸುತ್ತಬಹುದು. ಬೀಸುವ ಕಲ್ಲಿನ ಗೂಟ ಸುತ್ತುವ ಹಾಗೆ. ಹಾಗಾಗಿ ಗುಬುಟು ಸುತ್ತುವ ಕ್ಯಾಮೆರಾಗಳನ್ನೆಲ್ಲ ನಿಮ್ಮ ಪಟ್ಟಿಯಿಂದ ಹೊಡೆದುಹಾಕಿ. ಹಳೆಯ ಮಡಿಸುವ ಕ್ಯಾಮೆರಾಗಳು ಅರ್ಧ ಕೆ.ಜಿ. ಆಸುಪಾಸಿನವು, ಆದರೂ ಗುಬುಟು ಪುಟ್ಟದು, ಹಿಂದಿನ ಕೆಂಪು ಕಿಂಡಿಯಲ್ಲಿ ಅಂಕಿ ನೋಡುತ್ತಾ ಸುತ್ತಬೇಕು. ಹಗುರವಾದದ್ದೆಲ್ಲ ಸುಲಭವಲ್ಲ ಅನ್ನುವುದಕ್ಕೆ ಅವೇ ಸಾಕ್ಷಿ.

ಈಗ ನನ್ನ ಸಲಹೆ. ನಿಮ್ಮ ಕೈಗೆ ಹೊಂದುವುದು ಪೆಂಟಾಕ್ಸ್ 645ಎನ್. 1997ರ ಮಾದರಿ. ಬಾಡಿಯಲ್ಲೇ ಮೋಟಾರ್ ಇರುವುದರಿಂದ ಸುತ್ತುವ ಕೆಲಸವೇ ಇಲ್ಲ. ಆಟೋಫೋಕಸ್ ಇದೆ, ಫೋಕಸ್ ಉಂಗುರವನ್ನೂ ಮುಟ್ಟಬೇಕಿಲ್ಲ. ಬಲಗೈಗೆ ದಪ್ಪ ಹಿಡಿ ಇದೆ, ಚಿವುಟದೆ ಪೂರ್ತಿ ಅಂಗೈಯಲ್ಲಿ ಹಿಡಿಯಬಹುದು. 6 ಎಎ ಸೆಲ್ ಸಾಕು, ಮುಳಬಾಗಿಲ ಯಾವ ಅಂಗಡಿಯಲ್ಲಾದರೂ ಸಿಗುತ್ತವೆ. ಟ್ರೈಪಾಡ್ ತಿರುಪು ತಳದಲ್ಲೊಂದು, ಪಕ್ಕದಲ್ಲೊಂದು ಇದೆ. ಉದ್ದುದ್ದ ಚಿತ್ರಕ್ಕೆ ಟ್ರೈಪಾಡಿನ ತಲೆ ಓರೆ ಮಾಡಿ ಭಾರ ಹಿಡಿದುಕೊಂಡು ನಿಲ್ಲಬೇಕಿಲ್ಲ. 75 ಎಂ.ಎಂ. ಲೆನ್ಸ್, ಸೆಲ್ ಎಲ್ಲ ಸೇರಿ ಒಂದೂವರೆ ಕೆ.ಜಿ. ದಾಟುತ್ತದೆ. ಅಷ್ಟನ್ನು ನೀವು ಕೈಯಲ್ಲಿ ಹೊರಬಾರದು, ಟ್ರೈಪಾಡ್ ಹೊರಲಿ.

ಇದನ್ನು ಹೇಳಲು ಇನ್ನೂ ದೊಡ್ಡ ಕಾರಣ ಫಿಲ್ಮ್ ಹಾಕುವ ಬಗೆ. ಹಳೆಯ ಕ್ಯಾಮೆರಾ ಬಗ್ಗೆ ಮಾತಾಡುವವರೆಲ್ಲ ಭಾರದ ಬಗ್ಗೆ ಮಾತಾಡುತ್ತಾರೆ, ಬೆರಳು ನಿಜವಾಗಿ ಸೋಲುವುದು ರೋಲ್ ಹಾಕುವಾಗ. ಸುತ್ತಿದ ಕಾಗದದ ಪಟ್ಟಿ ಹರಿಯಬೇಕು, ಹಿಂಬದಿ ಕಾಗದದ ಮೊನೆಯನ್ನು ಖಾಲಿ ಸ್ಪೂಲಿನ ಸೀಳಿಗೆ ತೂರಿಸಬೇಕು, ಬಿಗಿ ಬಿಡದಂತೆ ಒಂದೆರಡು ಸುತ್ತು ಸುತ್ತಬೇಕು, ಬಾಣದ ಗುರುತು ಕ್ಯಾಮೆರಾದ ಗುರುತಿಗೆ ಸರಿಯಾಗಿ ಬರುವಷ್ಟು ಎಳೆದು ನಿಲ್ಲಿಸಬೇಕು. ಗುರುತು ತಪ್ಪಿದರೆ ಮೊದಲ ಅಥವಾ ಕೊನೆಯ ಚಿತ್ರ ಕತ್ತರಿಸಿಹೋಗುತ್ತದೆ. ಪೆಂಟಾಕ್ಸ್ 645ರಲ್ಲಿ ಫಿಲ್ಮ್ ಕೂರುವುದು ಇನ್ಸರ್ಟ್ ಎಂಬ ಪ್ರತ್ಯೇಕ ಚೌಕಟ್ಟಿನಲ್ಲಿ. ಅದನ್ನು ಮನೆಯಲ್ಲಿ, ಮೇಜಿನ ಮೇಲೆ, ಮೊಣಕೈ ಊರಿಕೊಂಡು, ಕೈ ಚೆನ್ನಾಗಿರುವ ಹೊತ್ತಿನಲ್ಲಿ ತುಂಬಿಟ್ಟುಕೊಳ್ಳಬಹುದು. ಮೂರು ಇನ್ಸರ್ಟ್ ಇದ್ದರೆ, ಒಂದಕ್ಕೆ 16ರಂತೆ 48 ಚಿತ್ರ. ಬೆಟ್ಟದ ಮೇಲೆ ಬಿಸಿಲಲ್ಲಿ ಕಾಗದದ ಮೊನೆಯ ಜೊತೆ ಗುದ್ದಾಡಬೇಕಿಲ್ಲ. ಅರ್ಧ ರೋಲಿನಲ್ಲಿ ಇನ್ಸರ್ಟ್ ಬದಲಿಸಲಾಗದು, ಬೆಳಕು ಬಿದ್ದು ಫಿಲ್ಮ್ ಕೆಡುತ್ತದೆ. ಒಂದು ಮುಗಿದ ಮೇಲೆಯೇ ಇನ್ನೊಂದು.

ಇನ್ಸರ್ಟ್ ಹೊರತೆಗೆಯಲು ಹಿಂಬದಿಯಲ್ಲಿ ಮಡಿಸಿಟ್ಟ ಒಂದು ಕೀಲಿಯುಂಟು. ಅದನ್ನು ಎಬ್ಬಿಸಿ ತಿರುಗಿಸಿ ಎಳೆಯಬೇಕು. ಈ ಕ್ಯಾಮೆರಾದಲ್ಲಿ ನಿಮ್ಮ ಬೆರಳನ್ನು ಪರೀಕ್ಷಿಸುವ ಜಾಗ ಇದೊಂದೇ. ತೆರೆದ ಕೀಲಿಯ ನಡುವೆ ಮರದ ಐಸ್‌ಕ್ರೀಂ ಕಡ್ಡಿಯನ್ನೋ ಚಪ್ಪಟೆ ಚಮಚದ ಹಿಡಿಯನ್ನೋ ತೂರಿಸಿ ತಿರುಗಿಸಿದರೆ ಬಲ ಬಹಳ ಕಡಿಮೆ ಸಾಕು. ಹಿಡಿ ಎರಡರಷ್ಟು ಉದ್ದವಾದರೆ ಬೇಕಾದ ಬಲ ಅರ್ಧಕ್ಕೆ ಇಳಿಯುತ್ತದೆ. ಲೋಹದ ಮೊನೆ ಬೇಡ, ಗೀಚುತ್ತದೆ.

645ಎನ್‌ನ ಅಪಾಯಗಳನ್ನೂ ಹೇಳಲೇಬೇಕು. ಇದು ಎಲೆಕ್ಟ್ರಾನಿಕ್ ಕ್ಯಾಮೆರಾ. ಸರ್ಕ್ಯೂಟ್ ಹೋದರೆ ಹೊಸ ಬಿಡಿಭಾಗ ಸಿಗದು, ಇನ್ನೊಂದು ಸತ್ತ ಬಾಡಿಯಿಂದ ಕಿತ್ತು ಹಾಕಬೇಕು. ‘ಮೆಕ್ಯಾನಿಕಲ್ ಆದರೆ ಜೀವಮಾನಕ್ಕೆ ಬರುತ್ತದೆ, ಎಲೆಕ್ಟ್ರಾನಿಕ್ ನಂಬಬೇಡಿ’ ಎಂದು ನಿಮಗೆ ಹತ್ತು ಜನ ಹೇಳುತ್ತಾರೆ. ಅರ್ಧ ನಿಜ. ಮೆಕ್ಯಾನಿಕಲ್ ಕ್ಯಾಮೆರಾದ ಪ್ರತಿ ಸ್ಪ್ರಿಂಗನ್ನೂ ಯಾರದೋ ಬೆರಳೇ ಬಿಗಿ ಮಾಡಬೇಕು, ನಿಮ್ಮ ವಿಷಯದಲ್ಲಿ ಆ ಬೆರಳು ಮುಖ್ಯ. ಇನ್ನೊಂದು ಕೊರತೆ, 645ಎನ್‌ನಲ್ಲಿ ಕನ್ನಡಿ ಮೇಲೆತ್ತಿ ನಿಲ್ಲಿಸುವ ಸೌಲಭ್ಯ ಇಲ್ಲ, 2001ರ 645ಎನ್2ರಲ್ಲಿ ಇದೆ. 1/15 ಸೆಕೆಂಡಿನ ಆಸುಪಾಸಿನಲ್ಲಿ ಕನ್ನಡಿಯ ಹೊಡೆತಕ್ಕೆ ಚಿತ್ರ ಅದುರಬಹುದು. ಬಯಲಿನ ಬಂಡೆಗೆ ಈ ಚಿಂತೆಯಿಲ್ಲ. 400ರ ವೇಗದ ಫಿಲ್ಮ್ ಹಾಕಿದರೆ ಕೋಲಾರದ ಬಿಸಿಲಿಗೆ ಎಫ್16ರಲ್ಲೂ, ಅಂದರೆ ರಂಧ್ರ ಬಹಳ ಕಿರಿದಾಗಿಸಿದರೂ, 1/500 ಸೆಕೆಂಡ್ ಸಿಗುತ್ತದೆ.

ದುಡ್ಡು ಸಾಲದಿದ್ದರೆ 1984ರ ಮೊದಲ ಪೆಂಟಾಕ್ಸ್ 645. ಮೋಟಾರ್, ಇನ್ಸರ್ಟ್ ಎಲ್ಲ ಹಾಗೇ, ಆದರೆ ಫೋಕಸ್ ಕೈಯಿಂದ, ಶಟರ್ ವೇಗವನ್ನು ಪುಟ್ಟ ಗುಂಡಿ ಒತ್ತಿ ಏರಿಸಿ ಇಳಿಸಬೇಕು. ರೋಲಿಗೆ 15 ಚಿತ್ರ. ಮಾಮಿಯಾ 645 ಸೂಪರ್ ಅಥವಾ ಪ್ರೊ ಮೋಟಾರ್ ಗ್ರಿಪ್ ಸಮೇತ ಸಿಕ್ಕಿದರೆ ಅದೂ ಆಗಬಹುದು. ಗ್ರಿಪ್ ಕೆಟ್ಟರೆ ಅದನ್ನು ಬಿಚ್ಚಿ ಕೈ ಕ್ರ್ಯಾಂಕ್ ಹಾಕಿಕೊಳ್ಳಬಹುದು ಎನ್ನುವುದು ಅದರ ಲಾಭ. ಬ್ಯಾಕಿಗೆ ಡಾರ್ಕ್ ಸ್ಲೈಡ್ ಇರುವುದು ನಷ್ಟ. ಫ್ಯೂಜಿ ಜಿಎ645 ಒಂದು ಕೆ.ಜಿ.ಗೂ ಕಡಿಮೆ, ಆಟೋಫೋಕಸ್, ಮೋಟಾರ್ ಎರಡೂ ಇವೆ. ಆದರೆ ಲೆನ್ಸ್ ಬದಲಿಸಲಾಗದು, ಫಿಲ್ಮನ್ನು ಕ್ಯಾಮೆರಾದೊಳಗೇ ತುಂಬಬೇಕು, ಸಿಆರ್123ಎ ಸೆಲ್ ಎರಡು ಬೇಕು.

ಇಷ್ಟೆಲ್ಲ ಟ್ರೈಪಾಡ್ ನಂಬಿ ಹೇಳಿದೆ. ನೀವು ಹೆಸರಿಸಿದ ಜಾಗಗಳಲ್ಲಿ ಅದಕ್ಕೊಂದು ತೊಡಕಿದೆ. ಆವನಿಯ ರಾಮಲಿಂಗೇಶ್ವರ ಗುಡಿಗಳು, ಕೋಲಾರಮ್ಮ ಮತ್ತು ಸೋಮೇಶ್ವರ ಗುಡಿ, ಹಾಗೆಯೇ ನಂದಿಯ ಭೋಗನಂದೀಶ್ವರ, ಇವೆಲ್ಲ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿವೆ. ಅಲ್ಲಿ ಟ್ರೈಪಾಡ್ ನಿಲ್ಲಿಸಲು ಮೊದಲೇ ಅನುಮತಿ ಬೇಕು. ಅರ್ಜಿ ಕೊಡುವಾಗ ಕೈಯ ತೊಂದರೆಯನ್ನು ಬರೆದು ವೈದ್ಯರ ಚೀಟಿಯ ನಕಲು ಸೇರಿಸಿ. ಅನುಮತಿ ಸಿಗದ ದಿನಕ್ಕೆ ಒಂದು ರಾಗಿ ಚೀಲ ಹೊಲಿಸಿಕೊಳ್ಳಿ. ಗಟ್ಟಿ ಕಾಟನ್ ಬಟ್ಟೆಯದು, ಒಂದು ಗೇಣು ಉದ್ದ, ಮುಕ್ಕಾಲು ಕೆ.ಜಿ. ರಾಗಿ, ಪೂರ್ತಿ ತುಂಬದೆ ಮೂರರಲ್ಲೊಂದು ಪಾಲು ಸಡಿಲ ಬಿಡಿ. ರಾಗಿ ಕಾಳು ಸಣ್ಣ, ಕ್ಯಾಮೆರಾದ ತಳಕ್ಕೆ ತಕ್ಕಂತೆ ಒತ್ತಿ ಕೂರುತ್ತದೆ, ಜಾರುವುದಿಲ್ಲ. ಕೂತುಕೊಂಡು ತೊಡೆಯ ಮೇಲೋ, ಪ್ರಾಕಾರದ ಸಾದಾ ಜಗಲಿಯ ಮೇಲೋ ಇಟ್ಟರೆ ಕೈಯ ಕೆಲಸ ಹಿಡಿದಿರುವುದಷ್ಟೇ, ಹೊರುವುದಲ್ಲ. ಕೆತ್ತನೆ ಇರುವ ಕಲ್ಲಿನ ಮೇಲೆ ಮಾತ್ರ ಇಡಬೇಡಿ.

ಗುಡಿಗಳೇ ನಿಮಗೆ ಮುಖ್ಯ, ಬೆಟ್ಟ ಆಮೇಲೆ ಎನ್ನುವುದಾದರೆ ನನ್ನ ಉತ್ತರ ಸ್ವಲ್ಪ ವಾಲುತ್ತದೆ, ಎರಡು ಲೆನ್ಸಿನ ರಿಫ್ಲೆಕ್ಸ್ ಕಡೆಗೆ, ಅಂದರೆ ಮೇಲಿನ ಲೆನ್ಸಿನಲ್ಲಿ ತಲೆಬಗ್ಗಿಸಿ ನೋಡಿ ಕೆಳಗಿನದರಲ್ಲಿ ಚಿತ್ರ ತೆಗೆಯುವ ಕ್ಯಾಮೆರಾ. ಯಾಶಿಕಾ ಮ್ಯಾಟ್ 124ಜಿ ಸುಮಾರು 1.1 ಕೆ.ಜಿ. ಅಗಲದ ಪಟ್ಟಿಯಲ್ಲಿ ಕುತ್ತಿಗೆಗೆ ತೂಗಿ ಹೊಟ್ಟೆಗೊತ್ತಿಕೊಂಡರೆ ಕೈ ಮೇಲೆ ಭಾರವೇ ಇಲ್ಲ. ಚಿತ್ರ ಚೌಕ, ಆದ್ದರಿಂದ ಕ್ಯಾಮೆರಾವನ್ನು ಯಾವತ್ತೂ ಓರೆ ತಿರುಗಿಸಬೇಕಿಲ್ಲ. ತಿರುಗದ ಮಣಿಕಟ್ಟಿಗೆ ಇದಕ್ಕಿಂತ ದೊಡ್ಡ ಉಪಕಾರ ಇಲ್ಲ. ಫೋಕಸ್ ಗುಬುಟು ಎಡಕ್ಕೆ, ಅದು ನಿಮ್ಮ ಒಳ್ಳೆಯ ಕೈ. ಬಲಕ್ಕೆ ಇರುವುದು ಕ್ರ್ಯಾಂಕ್, ಭುಜದಿಂದ ಸುತ್ತಬಹುದು. ರೋಲಿಕಾರ್ಡ್ ಬೇಡ, ಅದರಲ್ಲಿ ಫಿಲ್ಮ್ ಸುತ್ತುವುದು ಬಲಬದಿಯ ಗುಬುಟಿನಿಂದ. ಮಿನೋಲ್ಟಾ ಆಟೋಕಾರ್ಡ್‌ನಲ್ಲಿ ಫೋಕಸ್ ಲೆನ್ಸಿನ ಕೆಳಗಿನ ಒಂದು ಕಡ್ಡಿ, ಯಾವ ಕೈಯ ಯಾವ ಬೆರಳಿನಿಂದಲಾದರೂ ಸರಿಸಬಹುದು. ಆದರೆ ಅದರ ಲೋಹ ಪೆಡಸು. ಬಿಗಿಯಾಗಿದ್ದಾಗ ಜೋರು ಮಾಡಿದರೆ ಮುರಿಯುತ್ತದೆ, ಮೊದಲು ಗ್ರೀಸ್ ಹಾಕಿಸಬೇಕು. ಯಾಶಿಕಾದ ಬೆಳಕಿನ ಮೀಟರ್ ಹಳೆಯ ಪಾದರಸದ ಸೆಲ್‌ಗೆಂದು ಮಾಡಿದ್ದು, ಆ ಸೆಲ್ ಈಗ ಇಲ್ಲ. ಫೋನಿನ ಮೀಟರ್ ಬಳಸಿ. ಈ ಕ್ಯಾಮೆರಾಗಳಲ್ಲಿ ರೋಲನ್ನು ಅಲ್ಲೇ, ಗುಡಿಯ ಜಗಲಿಯಲ್ಲೇ ಕೂತು ಬದಲಿಸಬೇಕು, 12 ಚಿತ್ರಕ್ಕೊಮ್ಮೆ.

ಕುತ್ತಿಗೆಯ ಪಟ್ಟಿ ಕೊಳ್ಳುವ ಮುಂಚೆ ಒಂದು ಮಾತು ವೈದ್ಯರನ್ನು ಕೇಳಿ. ರುಮಟಾಯ್ಡ್ ಸಂಧಿವಾತ ಕೆಲವರಲ್ಲಿ ಕುತ್ತಿಗೆಯ ಮೇಲ್ಭಾಗದ ಕೀಲುಗಳಿಗೂ ಬರುತ್ತದೆ. ಅಲ್ಲಿ ನೋವೋ, ಕೈಗೆ ಜೋಮು ಹಿಡಿಯುವುದೋ ಇದ್ದರೆ ಕುತ್ತಿಗೆಗೆ ಒಂದು ಕೆ.ಜಿ. ತೂಗಿ ತಲೆಬಗ್ಗಿಸಿ ನೋಡುವ ಕ್ಯಾಮೆರಾ ನಿಮಗಲ್ಲ. ಆಗ 645ಎನ್ ಕಡೆಗೇ ಬನ್ನಿ, ಅದರ ನೋಡುವ ಕಿಂಡಿ ಕಣ್ಣಿನ ಮಟ್ಟಕ್ಕೇ ಇದೆ.

‘ಬಿಗಿ’ ಎಂದರೇನು ಎಂಬುದೂ ತಿಳಿದಿರಲಿ, ಏಕೆಂದರೆ ಎಷ್ಟೋ ಜನ ಒಳ್ಳೆಯ ಕ್ಯಾಮೆರಾವನ್ನು ಇದಕ್ಕಾಗಿಯೇ ಬಿಟ್ಟುಬಿಡುತ್ತಾರೆ. ಲೆನ್ಸಿನ ಫೋಕಸ್ ತಿರುಪಿನಲ್ಲಿ ಹಾಕಿದ ಗ್ರೀಸ್ ಹಲವು ದಶಕದಲ್ಲಿ ಎಣ್ಣೆ ಬಿಟ್ಟು ಮೇಣದಂತಾಗುತ್ತದೆ. ಆಗ ಆರೋಗ್ಯವಂತರ ಕೈಗೂ ನೋವಾಗುವಷ್ಟು ಬಿಗಿ. ಇದು ಮಾದರಿಯ ದೋಷವಲ್ಲ, ಆ ಒಂದು ಲೆನ್ಸಿನ ವಯಸ್ಸು. ಬಿಚ್ಚಿ ತೊಳೆದು ತೆಳು ಗ್ರೀಸ್ ಹಾಕಿದರೆ ಒಂದು ಬೆರಳಿಗೆ ತಿರುಗುತ್ತದೆ. ರಿಪೇರಿಯವರಿಗೆ ‘ಆದಷ್ಟೂ ಸಡಿಲ ಮಾಡಿ’ ಎಂದು ಬಾಯಿಬಿಟ್ಟು ಹೇಳಿ, ಇಲ್ಲದಿದ್ದರೆ ಮಾಮೂಲಿ ಬಿಗಿಯನ್ನೇ ಇಡುತ್ತಾರೆ. ಉಂಗುರ ನುಣುಪಾಗಿದ್ದರೆ ಸೈಕಲ್ ಶಾಪಿನಲ್ಲಿ ಹಳೆಯ ಟ್ಯೂಬಿನ ಎರಡು ಬೆರಳಗಲದ ತುಂಡು ಕೊಯ್ಸಿಕೊಂಡು ಉಂಗುರಕ್ಕೆ ಏರಿಸಿ. ಅಂಗೈ ಒತ್ತಿ ಉಜ್ಜಿದರೂ ತಿರುಗುತ್ತದೆ, ಚಿವುಟಬೇಕಿಲ್ಲ. ಅಂಟು ಹಾಕಬೇಡಿ.

ನೋಡಲು ಹೋಗುವಾಗ ಬೆಳಗ್ಗೆ ಹೋಗಿ. ನಿಮ್ಮ ಕೀಲುಗಳು ಬೆಳಗ್ಗೆ ಹೆಚ್ಚು ಮರಗಟ್ಟಿರುತ್ತವೆ, ಗುಡಿಗೆ ಒಳ್ಳೆಯ ಬೆಳಕು ಬೀಳುವುದೂ ಆಗಲೇ. ಮಧ್ಯಾಹ್ನ ಮಾತ್ರೆ ಕೆಲಸ ಮಾಡುವಾಗ ಎಲ್ಲ ಕ್ಯಾಮೆರಾವೂ ಸುಲಭ ಅನ್ನಿಸುತ್ತದೆ. ಕೆಟ್ಟುಹೋದ ಒಂದು 120 ರೋಲ್ ಕೇಳಿ ತೆಗೆದುಕೊಂಡು ಹೋಗಿ. ಮಾರುವವರ ಮುಂದೆ ನೀವೇ ರೋಲ್ ಹಾಕಿ, ಪೂರ್ತಿ ಓಡಿಸಿ, ನೀವೇ ತೆಗೆಯಿರಿ. ಅವರು ‘ಕೊಡಿ, ನಾನು ಹಾಕಿಕೊಡ್ತೀನಿ’ ಎಂದು ಕೈ ಚಾಚುತ್ತಾರೆ, ಕೊಡಬೇಡಿ. ಹೀಗೆ ಎರಡು ಸಲ. ಎರಡನೇ ಸಲ ಮೊದಲಿಗಿಂತ ಕಷ್ಟವಾದರೆ ಆ ಕ್ಯಾಮೆರಾ ನಿಮ್ಮ ಕೈಗೆ ಮೂರು ರೋಲಿನ ದಿನ ತಡೆಯದು.

ಉಳಿದ ತಪಾಸಣೆ ಎಲ್ಲರಿಗೂ ಒಂದೇ. ಲೆನ್ಸಿನ ಒಂದು ಕಡೆಯಿಂದ ಟಾರ್ಚ್ ಬಿಟ್ಟು ಇನ್ನೊಂದು ಕಡೆಯಿಂದ ನೋಡಿ, ಜೇಡರ ಬಲೆಯಂಥ ಎಳೆ ಕಂಡರೆ ಫಂಗಸ್. ನಮ್ಮ ಕಡೆ ಹವೆ ಒಣ, ಆದರೆ ಮಾರಾಟಕ್ಕೆ ಬರುವ ಲೆನ್ಸ್ ಕರಾವಳಿಯಲ್ಲಿ ಬೆಳೆದದ್ದಿರಬಹುದು. ಲೆನ್ಸಿನೊಳಗಿನ ಶಟರ್ ಆದರೆ ಒಂದು ಸೆಕೆಂಡಿಗೆ ಇಟ್ಟು ಕೇಳಿ. ಎಳೆದುಕೊಂಡು ನಿಲ್ಲುವುದು, ನಡುವೆ ತಡವರಿಸುವುದು ಒಣಗಿದ ಎಣ್ಣೆಯ ಲಕ್ಷಣ. ಬ್ಯಾಟರಿ ಮನೆಯಲ್ಲಿ ಬಿಳಿ ಅಥವಾ ಹಸಿರು ಪುಡಿ ಇದೆಯೇ, ಹಿಂಬಾಗಿಲ ಕಪ್ಪು ಫೋಮ್ ಅಂಟಂಟಾಗಿದೆಯೇ ನೋಡಿ. ಫೋಮ್ ಬದಲಿಸುವುದು ಸಣ್ಣ ಕೆಲಸ, ಅದಕ್ಕೆ ಹೆದರಬೇಡಿ.

ಶಟರ್ ಒತ್ತಲು ಬಲ ತೋರುಬೆರಳನ್ನೇ ನಂಬಬೇಕಿಲ್ಲ. 645ಎನ್‌ಗೆ ವಿದ್ಯುತ್ ಕೇಬಲ್ ಸ್ವಿಚ್ ಬೇಕು, ಎಡಗೈ ಹೆಬ್ಬೆರಳಲ್ಲಿ ಒತ್ತಬಹುದು. ಅದು ಸಿಗದಿದ್ದರೆ ಸೆಲ್ಫ್ ಟೈಮರ್, ಕಲ್ಲು ಎಲ್ಲೂ ಓಡುವುದಿಲ್ಲ. ಯಾಶಿಕಾಗೆ ಮಾಮೂಲಿ ತಿರುಪಿನ ಕೇಬಲ್ ಕೂಡುತ್ತದೆ. ರಬ್ಬರ್ ಬಲ್ಬಿನ ಏರ್ ರಿಲೀಸನ್ನೂ ಅದೇ ತಿರುಪಿಗೆ ಹಾಕಿ ಬಲ್ಬನ್ನು ಕಾಲಿನಿಂದ ತುಳಿಯಬಹುದು. ಟ್ರೈಪಾಡ್ ಕೊಳ್ಳುವಾಗ ಬಾಲ್ ಹೆಡ್ ಬೇಡ, ಸಡಿಲಿಸಿದೊಡನೆ ಒಂದೂವರೆ ಕೆ.ಜಿ. ನಿಮ್ಮ ಕೈ ಮೇಲೆ ವಾಲುತ್ತದೆ. ಉದ್ದ ಹಿಡಿಗಳಿರುವ ಮೂರು ದಿಕ್ಕಿನ ಪ್ಯಾನ್ ಹೆಡ್ ತೆಗೆದುಕೊಳ್ಳಿ. ಕಾಲುಗಳಿಗೆ ತಿರುಗಿಸುವ ಬೀಗ ಬೇಡ, ಅಂಗೈ ಬುಡದಿಂದ ತಳ್ಳಿ ತೆಗೆಯುವ ಅಗಲ ಕ್ಲಿಪ್ ಇರಲಿ.

ಮುಗಿದ ರೋಲ್ ಹೊರತೆಗೆಯುವಾಗ ಹೆಬ್ಬೆರಳು ಜಾರಿದರೆ ಕಾಗದ ಸಡಿಲವಾಗಿ ಅಂಚಿನಿಂದ ಬೆಳಕು ನುಗ್ಗುತ್ತದೆ. ಅದಕ್ಕೆ ಮೊದಲೇ ಎಡಗೈಯ ಎರಡು ಬೆರಳಿಗೆ ಒಂದು ರಬ್ಬರ್ ಬ್ಯಾಂಡ್ ಹಾಕಿಕೊಂಡಿರಿ. ರೋಲ್ ಹಿಡಿದೊಡನೆ ಬ್ಯಾಂಡನ್ನು ಅದರ ಮೇಲೆ ಜಾರಿಸಿ, ಆಮೇಲೆ ನಿಧಾನವಾಗಿ ಅಂಟುಪಟ್ಟಿ ಸುತ್ತಿ. ಪಟ್ಟಿ ಒದ್ದೆ ಮಾಡಲು ಅಂಚೆ ಕಚೇರಿಯಲ್ಲಿಡುವಂಥ ಒದ್ದೆ ಸ್ಪಂಜಿನ ಡಬ್ಬಿ ಸಾಕು. ಡೆವಲಪ್ ಮಾಡುವುದನ್ನು ಬೆಂಗಳೂರಿನ ಲ್ಯಾಬಿಗೆ ಬಿಡಿ. ಪ್ಲಾಸ್ಟಿಕ್ ರೀಲಿಗೆ ಫಿಲ್ಮ್ ಏರಿಸಲು ಕತ್ತಲಲ್ಲಿ ಎರಡೂ ಮಣಿಕಟ್ಟನ್ನು ಹಿಂದೆ ಮುಂದೆ ತಿರುವುತ್ತಲೇ ಇರಬೇಕು, ಆ ಶ್ರಮವನ್ನು ನಿಮ್ಮ ಕೈ ಚಿತ್ರ ತೆಗೆಯಲು ಉಳಿಸಿಕೊಳ್ಳಲಿ.

ಬೆಂಗಳೂರಿನ ಆ ಮಾರುವವರಿಗೆ ಈಗಲೇ ಮುಂಗಡ ಕೊಡಬೇಡಿ. 645ಎನ್ ಸಿಕ್ಕಾಗ ಇನ್ಸರ್ಟ್ ಎಷ್ಟಿವೆ ಎಂದು ಮೊದಲು ಕೇಳಿ. ಬಾಡಿಯ ಜೊತೆ ಸಾಮಾನ್ಯವಾಗಿ ಒಂದೇ ಬರುತ್ತದೆ, ಆಮೇಲೆ ಬಿಡಿಯಾಗಿ ಹುಡುಕಬೇಕಾಗುತ್ತದೆ. 220 (ಎರಡರಷ್ಟು ಉದ್ದದ ಫಿಲ್ಮ್) ಎಂದು ಬರೆದ ಇನ್ಸರ್ಟ್ ಬೇಡ, 120 ಎಂದೇ ಇರಬೇಕು.